ಡುಕ್ಕರ ಫಿಯಾಟಿಗೊಬ್ಬ ಗಿರಾಕಿ

ಹಳೆಯ ಕಾರು ಮಾರುವುದು ದೊಡ್ಡ ವಿದ್ಯೆಯೇನಲ್ಲ. ತೊಳೆದು ಒರೆಸಿ, ಸೀಟಿಗೆ ಹೊಸ ಕವರು ಹಾಕಿಸಿ, ಮೀಟರಿನ ವಿಷಯ ಬಂದಾಗ ಚಹಾ ತರಿಸಿದರೆ ಅರ್ಧ ವ್ಯಾಪಾರ ಮುಗಿದಂತೆ. ಗುಜರಿ ಮಾರುವುದು ಇನ್ನೂ ಸುಲಭ. ಅಲ್ಲಿ ತಕ್ಕಡಿಯೇ ಮಾತಾಡುತ್ತದೆ, ನಾವು ಬಾಯಿ ಬಿಡುವ ಅಗತ್ಯವಿಲ್ಲ. ಫಜೀತಿಯಿರುವುದು ಇವೆರಡರ ನಡುವೆ ನಿಂತ ಗಾಡಿಯನ್ನು ಮಾರುವುದರಲ್ಲಿ. ಬಿಚ್ಚಿದ್ದಾಗಿದೆ, ಜೋಡಿಸಿದ್ದು ಅರ್ಧವಾಗಿದೆ. ಎಂಜಿನ್ ಉಂಟು, ಆದರೆ ಗಾಡಿಯೊಳಗಿಲ್ಲ. ಬಾಗಿಲು ನಾಲ್ಕೂ ಇವೆ, ಗೋಡೆಗೆ ಒರಗಿ ನಿಂತಿವೆ. ಇಂಥದನ್ನು ವರ್ಗೀಕೃತ ಜಾಹೀರಾತಿನ ಎರಡು ಸಾಲಿನಲ್ಲಿ ಏನೆಂದು ಬರೆಯುವುದು? ‘ಕಾರು ಮಾರಾಟಕ್ಕಿದೆ’ ಎಂದರೆ ಸುಳ್ಳು. ‘ಕಾರಿನ ಸಾಮಾನು ಮಾರಾಟಕ್ಕಿದೆ’ ಎಂದರೆ ನಮ್ಮಣ್ಣ ಊಟ ಬಿಡುತ್ತಾನೆ.

ಗಾಡಿ ಯಾವುದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು 1957ರ ಫಿಯಾಟ್ 1100. ಆದರೆ ಹಾಗೆಂದರೆ ನಮ್ಮ ಆಳಂದದ ಹಳಬರಿಗೆ ತಿಳಿಯುವುದಿಲ್ಲ; ‘ಡುಕ್ಕರ ಫಿಯಾಟ್’ ಎನ್ನಬೇಕು. ನಮ್ಮದು ಗಡಿಯ ತಾಲ್ಲೂಕು. ಸೋಲಾಪುರ, ಅಕ್ಕಲಕೋಟೆಗಳ ಜೊತೆ ಕೊಡುಕೊಳ್ಳುವುದು, ಬೀಗತನ ಎಲ್ಲ ಇದ್ದದ್ದರಿಂದ ಮರಾಠಿ ಮಾತು ಮನೆಯೊಳಗೂ ಓಡಾಡುತ್ತಿತ್ತು. ಡುಕ್ಕರ ಎಂದರೆ ಮರಾಠಿಯಲ್ಲಿ ಹಂದಿ. ಬಾನೆಟ್ಟು ಗುಂಡಗೆ ಉಬ್ಬಿ, ಮೂತಿ ನೆಲ ಮೂಸುವಂತೆ ಬಾಗಿದ್ದ ಈ ಕಾರಿಗೆ ಮರಾಠಿ ಮಂದಿ ಪ್ರೀತಿಯಿಂದ ಇಟ್ಟ ಹೆಸರು ಅದು. ಹಂದಿಯ ಹೆಸರಿನ ಗಾಡಿಗೆ ಕುಂಕುಮ ಹಚ್ಚುವುದು ಹೇಗೆ ಎಂದು ನಮ್ಮ ಅಜ್ಜಿ ಪೇಚಾಡಿದಾಗ, ವರಾಹವೂ ದೇವರ ಅವತಾರವೇ ಅಲ್ಲವೇನವ್ವಾ ಎಂದು ಅಪ್ಪ ಸಮಾಧಾನ ಹೇಳಿದನಂತೆ. ಆಮೇಲೆ ಪ್ರತಿ ದಸರೆಗೂ ವರಾಹಸ್ವಾಮಿಗೆ ಸಾಂಗವಾಗಿ ಪೂಜೆ ನಡೆಯಿತು.

ಅಪ್ಪನದು ಆಳಂದದಲ್ಲಿ ಅಡತ್ ಅಂಗಡಿ. ತೊಗರಿ, ಜೋಳ, ಕುಸುಬೆ. ಗಾಡಿಯನ್ನು ಆತ 1963ರಲ್ಲಿ ಸೋಲಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ. ಅದು ಇಟಲಿಯ ಫಿಯಾಟ್ ಕಂಪನಿಯ ಮಾದರಿಯಾದರೂ ನಮ್ಮಲ್ಲಿ ತಯಾರಿಸಿದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. 1944ರಲ್ಲಿ ಆ ಕಾರ್ಖಾನೆ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ಸೋಲಾಪುರದಲ್ಲಿ. ಅಪ್ಪನಿಗೆ ಇಟಲಿಯೂ ಗೊತ್ತಿರಲಿಲ್ಲ, ಮುಂಬಯಿಯೂ ಬೇಕಿರಲಿಲ್ಲ. ‘ಇದು ನಮ್ಮ ಸೋಲಾಪುರದ ಸಾಹುಕಾರನ ಗಾಡಿ’ ಎಂಬುದೇ ಅವನ ಹೆಮ್ಮೆ. ಆಗ ಹೊಸ ಕಾರಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಸರದಿ ಕಾಯಬೇಕಿತ್ತಾದ್ದರಿಂದ ಹಳೆಯ ಗಾಡಿಗೇ ಮೇಲುಬೆಲೆ. ಒಂದು ಗಾಡಿ ಹಳೆಯದಾದಷ್ಟೂ ಅಗ್ಗವಾಗುತ್ತದೆ ಎಂಬುದು ನಮ್ಮ ದೇಶದಲ್ಲಿ ಬಹಳ ತಡವಾಗಿ ಜಾರಿಗೆ ಬಂದ ನಿಯಮ.

ಅದರ ನೋಂದಣಿ ಪುಸ್ತಕ ಇನ್ನೂ ನಮ್ಮಲ್ಲಿದೆ. ಮೊದಲ ಪುಟದಲ್ಲಿ ಮುಂಬಯಿ ರಾಜ್ಯದ ಸಂಖ್ಯೆ, ಮುಂದಿನದರಲ್ಲಿ ಮೈಸೂರು ರಾಜ್ಯದ ‘ಎಂವೈ’ ಎಂದು ಶುರುವಾಗುವ ಸಂಖ್ಯೆ. 1960ರಲ್ಲಿ ಆ ರಾಜ್ಯ ಎರಡಾಯಿತು, 1973ರಲ್ಲಿ ಈ ರಾಜ್ಯದ ಹೆಸರು ಕರ್ನಾಟಕವಾಯಿತು. ರಾಜ್ಯಗಳೆರಡೂ ಇಲ್ಲ, ಗಾಡಿ ಮಾತ್ರ ಉಳಿದಿದೆ.

ಗೇರು ಕೋಲು ಸ್ಟಿಯರಿಂಗಿನ ಪಕ್ಕದಲ್ಲೇ. ಎಂಜಿನ್ 1089 ಸಿಸಿ. ಈಗಿನ ಸಣ್ಣ ಕಾರಿನಷ್ಟೇ. ಮುಂದಿನ ಎರಡು ಬಾಗಿಲು ಉಲ್ಟಾ ತೆರೆಯುತ್ತಿದ್ದವು. ಕೀಲು ಹಿಂದುಗಡೆ, ಹಿಡಿಕೆ ಮುಂದುಗಡೆ. ಧೋತರ ಉಟ್ಟವರಿಗೆ ಇಳಿಯಲು ಅದರಷ್ಟು ಅನುಕೂಲದ ಬಾಗಿಲು ಇನ್ನೊಂದಿಲ್ಲ. ಆದರೆ ಓಡುವಾಗ ಚಿಲಕ ಸಡಿಲವಾದರೆ ಗಾಳಿ ಹೊಕ್ಕು ಬಾಗಿಲು ಹಾಯಿಯಂತೆ ಬಿಚ್ಚಿಕೊಳ್ಳುತ್ತಿತ್ತು. ಆದ್ದರಿಂದ ಮುಂದೆ ಕೂತವರ ಮೊದಲ ಕರ್ತವ್ಯ ಬಾಗಿಲು ಹಿಡಿದುಕೊಳ್ಳುವುದು. ನಮ್ಮ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ದತ್ತ ಜಯಂತಿಗೆಂದು ಮನೆಮಂದಿಯೆಲ್ಲ ಆ ಸಂಗಮಕ್ಕೆ ಹೊರಟರೆ, ಬಾಗಿಲು ಹಿಡಿದು ಹಿಡಿದು ಅಣ್ಣನ ಕೈ ಊದಿಕೊಂಡಿರುತ್ತಿತ್ತು. ಆ ಗಾಡಿಯ ಮೇಲೆ ಅವನಿಗೆ ಮೋಹ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಗಾಡಿ 1984ರಲ್ಲಿ ನಿಂತಿತು. 1991ರಲ್ಲಿ ಅಪ್ಪ ತೀರಿಕೊಂಡ. ದನದ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಮೇಲೆ ಕಣಿಕೆ ಒಟ್ಟಿದರು, ಕೋಳಿ ಮರಿ ಮಾಡಿದವು. ಅಣ್ಣ ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದವನು. ನಿವೃತ್ತಿಯಾಗಿ ಊರಿಗೆ ಬಂದು 2009ರ ಯುಗಾದಿಯ ಮರುದಿನ ಕಣಿಕೆ ಸರಿಸಿದ. ವೈನಿಯ ಲೆಕ್ಕದಲ್ಲಿ ಅವನು ಎರಡನೆಯ ಸಲ ನೌಕರಿಗೆ ಸೇರಿದ್ದು ಆ ದಿನ, ಪಗಾರವಿಲ್ಲ, ರಜೆಯಿಲ್ಲ.

ಇಂಥ ಕೆಲಸ ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಕೇಳುವವರು ಅದನ್ನು ಒಮ್ಮೆಯೂ ಕೈಗೆತ್ತಿಕೊಂಡವರಲ್ಲ. ಲಾರಿಗೂ ಜೀಪಿಗೂ ಕೆಳಗೆ ಬೇರೆ ಚಾಸಿ ಇರುತ್ತದೆ. ಮೇಲಿನ ತಗಡು ಹೋದರೂ ಎಲುಬು ಉಳಿಯುತ್ತದೆ. ಈ ಫಿಯಾಟಿಗೆ ಹಾಗಿಲ್ಲ. ಅದರ ಮೈಯೇ ಅದರ ಎಲುಬು. ಆದ್ದರಿಂದ ತಳದ ತಗಡು ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಗಾಡಿ ನಡುವೆ ಕುಸಿಯುವ ಪ್ರಶ್ನೆ. ಒಂದು ತುಂಡು ಕತ್ತರಿಸಿ ತೆಗೆದರೆ ಪಕ್ಕದ್ದು ಜೋತು ಬೀಳುತ್ತದೆ. ಅಡಿಗೆ ಆನಿಕೆ ಕೊಟ್ಟು, ಅಳತೆ ಹಿಡಿದು, ಗೇಣು ಗೇಣಾಗಿ ಹೊಸ ತಗಡು ಬೆಸೆಯಬೇಕು. ಅಣ್ಣನಿಗೆ ತಳ ಒಂದಕ್ಕೇ ಮೂರು ವರ್ಷ ಹಿಡಿಯಿತು.

ಎಂಜಿನ್ನಿನ ಕೆಲಸ ಇದಕ್ಕಿಂತ ಸರಾಗ. ಫಿಯಾಟ್ 1100ರ ಮುಂದಿನ ತಲೆಮಾರು 1964ರಲ್ಲಿ ಬಂದ ‘ಡಿಲೈಟ್’. ಅದೇ ಮುಂದೆ 1974ರಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. ಎಂಜಿನ್ನಿನ ವಂಶ ಒಂದೇ ಆದ್ದರಿಂದ ಪದ್ಮಿನಿಯ ಎಷ್ಟೋ ಭಾಗಗಳು ಡುಕ್ಕರಕ್ಕೆ ಹೊಂದುತ್ತವೆ. ಮುಂಬಯಿಯ ಟ್ಯಾಕ್ಸಿಗಳೆಲ್ಲ ಪದ್ಮಿನಿಯಾಗಿದ್ದ ಕಾಲದಲ್ಲಿ ಕುರ್ಲಾದಲ್ಲಿ ಸಿಗದ ಸಾಮಾನಿರಲಿಲ್ಲ. ಆ ಟ್ಯಾಕ್ಸಿಗಳು ಒಂದೊಂದಾಗಿ ಕರಗುತ್ತ ಬಂದು, ಕಡೆಯದಾಗಿ ನೋಂದಣಿಯಾದದ್ದರ ಇಪ್ಪತ್ತು ವರ್ಷದ ಅವಧಿಯೂ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಟ್ಯಾಕ್ಸಿ ಹೋದಂತೆ ಸಾಮಾನೂ ಹೋಯಿತು. ಇನ್ನು ಡುಕ್ಕರಕ್ಕೇ ಮೀಸಲಾದ ಗಾಜು, ಮುಂದಿನ ಜಾಲರಿ, ಹಿಂದಿನ ದೀಪದ ಬಟ್ಟಲುಗಳು ಪದ್ಮಿನಿಯಿಂದ ಬರುವಂಥವಲ್ಲ. ಅವನ್ನು ಹುಡುಕುತ್ತ ಅಣ್ಣ ಎಷ್ಟು ಸಲ ಸೋಲಾಪುರ, ಹೈದರಾಬಾದು ತಿರುಗಿದನೋ ಅವನಿಗೇ ಗೊತ್ತು.

ಆದರೂ 2014ರಲ್ಲಿ ಒಂದು ದಿನ ಎಂಜಿನ್ನನ್ನು ಮರದ ದಿಮ್ಮಿಗಳ ಮೇಲಿರಿಸಿ, ಬ್ಯಾಟರಿ ಹಚ್ಚಿ, ಹತ್ತು ನಿಮಿಷ ಓಡಿಸಿ ತೋರಿಸಿದ. ಓಣಿಯೆಲ್ಲ ಹೊಗೆ. ಅಂಬಾಸಿಡರ್ ಕಾರಿನ ಉತ್ಪಾದನೆ ನಿಂತದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ‘ಅದು ಮುಗೀತು, ಇದು ಚಾಲೂ ಆಯ್ತು ನೋಡು’ ಎಂದು ಬೀಗಿದ್ದ. ಅದಾಗಿ ಐದು ವರ್ಷಕ್ಕೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣಿಗೆ ಬೆಳಕು ನೆರಳು ಮಾತ್ರ. ಬೆಸುಗೆಯ ಕೋಲು ಹಿಡಿಯುವುದು ಅಲ್ಲಿಗೆ ಮುಗಿಯಿತು. 2023ರ ದೀಪಾವಳಿಯ ಹೊತ್ತಿಗೆ ಅವನೇ ಕರೆದು ಹೇಳಿದ: ‘ಮಾರಿಬಿಡೂನು. ಆದ್ರ ಮುಗಿಸಾವ್ರಿಗೇ ಮಾರೂನು.’

ನಾನು ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ವ್ಯವಹಾರ ನನ್ನ ಪಾಲಿಗೆ ಬಂತು.

ಮೊದಲು ಬಂದವನು ಗುಜರಿಯವನು. ಗಾಡಿಯನ್ನು ಸುತ್ತುಹಾಕಿ, ಒಂದು ಕಡೆ ಎತ್ತಿ ನೋಡಿ, ಆರು ಕ್ವಿಂಟಲ್ ಎಂದು ಅಂದಾಜು ಕಟ್ಟಿದ. ಕಿಲೋಗೆ 28 ರೂಪಾಯಿ, ಒಟ್ಟು 16,800. ಅಡತ್ ಅಂಗಡಿಯ ಮಕ್ಕಳಾದ ನಮಗೆ ಎಲ್ಲವೂ ತೊಗರಿಯ ಲೆಕ್ಕದಲ್ಲೇ ತಿಳಿಯುವುದು. ಆ ವರ್ಷ ತೊಗರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 7,000. ಅಂದರೆ ಆರು ಕ್ವಿಂಟಲ್ ಗಾಡಿಗೆ ಎರಡೂವರೆ ಕ್ವಿಂಟಲ್ ತೊಗರಿಯೂ ಬರುವುದಿಲ್ಲ. ಅಣ್ಣ ಒಳಗಿನಿಂದಲೇ ‘ಅವಗ ಚಹಾ ಕುಡಿಸಿ ಕಳಸು’ ಎಂದ.

ಎರಡನೆಯವನು ಕಲಬುರ್ಗಿಯ ಫೋಟೊ ಸ್ಟುಡಿಯೊದವನು. ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಹೊಲದಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಕಸುಬು ಈಗ ಜೋರಾಗಿದೆಯಲ್ಲ. ಅವನಿಗೆ ಗಾಡಿ ಓಡುವುದು ಬೇಡ, ಒಂದು ಮಗ್ಗುಲು ಹೊಳೆದರೆ ಸಾಕು. ‘ಇನ್ನೊಂದು ಮಗ್ಗುಲಿಗೆ ಏನು ಮಾಡುತ್ತೀರಿ?’ ಎಂದೆ. ‘ಅದು ಕ್ಯಾಮೆರಾಕ್ಕ ಬರಂಗಿಲ್ರಿ’ ಎಂದ. ಪ್ರಾಮಾಣಿಕ ಮನುಷ್ಯ.

ಮೂರನೆಯವರು ಹೈದರಾಬಾದಿನಿಂದ ಫೋನಿನಲ್ಲಿ ಮಾತಾಡಿದ ಸಂಗ್ರಾಹಕರು. ಬಹಳ ಮರ್ಯಾದಸ್ಥರು. ಆ ಊರಿನವರಿಗೆ ಹಳೆಯ ಕಾರಿನ ರುಚಿ ಹಳೆಯದು. ನಿಜಾಮರ ಹಳದಿ ಬಣ್ಣದ, ಸಿಂಹಾಸನವಿಟ್ಟ 1912ರ ರೋಲ್ಸ್ ರಾಯ್ಸ್ ಇನ್ನೂ ಚೌಮಹಲ್ಲಾ ಅರಮನೆಯಲ್ಲಿದೆ. ಅದು ಹುಟ್ಟಿದಾಗಿನಿಂದ ನಾನೂರು ಮೈಲಿಯೂ ಓಡಿಲ್ಲವಂತೆ. ನಮ್ಮ ವರಾಹಸ್ವಾಮಿ ಅಷ್ಟನ್ನು ಒಂದು ತೊಗರಿ ಸುಗ್ಗಿಯಲ್ಲಿ ಓಡುತ್ತಿದ್ದ. ಅವರು ಕೇಳಿದ್ದು ಒಂದೇ ಪ್ರಶ್ನೆ: ಎಂಜಿನ್ನಿನ ಮೇಲಿನ ಸಂಖ್ಯೆ ಪುಸ್ತಕದಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ? 1976ರಲ್ಲಿ ಬ್ಲಾಕ್ ಸೀಳಿದ್ದರಿಂದ ಅಪ್ಪ ಸೋಲಾಪುರದಲ್ಲಿ ಇನ್ನೊಂದು ಫಿಯಾಟಿನ ಎಂಜಿನ್ ಕೂಡಿಸಿದ್ದ. ನಾನು ಅಣ್ಣನ ಮುಖ ನೋಡಿದೆ. ‘ಇಲ್ಲಂತ ಹೇಳು’ ಎಂದ. ಹೇಳಿದೆ. ಅವರು ವಂದಿಸಿ ಫೋನಿಟ್ಟರು.

ನಾಲ್ಕನೆಯವನೇ ನಮ್ಮನ್ನು ನಿಜವಾದ ಇಕ್ಕಟ್ಟಿಗೆ ಸಿಕ್ಕಿಸಿದವನು. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ ಢಾಬಾ ನಡೆಸುವವನು. ಗಾಡಿಯ ಮುಂದಿನ ಅರ್ಧ ಕತ್ತರಿಸಿ ಗೋಡೆಯಿಂದ ಹೊರಬಂದಂತೆ ಕೂಡಿಸುವುದು, ಹಿಂದಿನ ಅರ್ಧವನ್ನು ಗಿರಾಕಿಗಳು ಕೂತು ಉಣ್ಣುವ ಸೋಫಾ ಮಾಡುವುದು ಅವನ ಯೋಜನೆ. 60,000 ರೂಪಾಯಿ, ನಗದು, ಆವತ್ತೇ. ತಳ ಹೇಗಿದೆ, ಎಂಜಿನ್ ಎಲ್ಲಿದೆ ಎಂದು ಒಂದು ಮಾತೂ ಕೇಳಲಿಲ್ಲ. ಮೂತಿ ಸವರಿ ‘ಮಸ್ತ್ ಅದ’ ಎಂದ. ಅಣ್ಣ ಎದ್ದು ಒಳಗೆ ಹೋದ.

ಆ ರಾತ್ರಿ ನನ್ನನ್ನು ಕೂಡಿಸಿಕೊಂಡು ಒಂದು ನೋಟ್‌ಬುಕ್ಕು ತೆಗೆಸಿದ. ‘ನಾ ಹೇಳ್ತೀನಿ, ನೀ ಬರಿ. ಏನೇನ್ ಆಗ್ಯಾದ ಅನ್ನೂದು ಒಂದ್ ಪುಟ. ಏನೇನ್ ಆಗಿಲ್ಲ ಅನ್ನೂದು ಎಷ್ಟ್ ಪುಟ ಆಗ್ತಾವೋ ಆಗ್ಲಿ.’

ಮೊದಲನೆಯದು ಮುಕ್ಕಾಲು ಪುಟಕ್ಕೆ ಮುಗಿಯಿತು. ಎರಡನೆಯದು ಹದಿನಾಲ್ಕು ಪುಟ. ವೈರಿಂಗ್ ಇಲ್ಲ. ಬ್ರೇಕಿನ ಕೊಳವೆ ಹೊಸದು ತಂದಿದೆ, ಬಾಗಿಸಿಲ್ಲ. ಎಡಬದಿಯ ಹಿಂದಿನ ಮಡ್‌ಗಾರ್ಡಿನಲ್ಲಿ ತಗಡು ಹೋಗಿದೆ, ಪುಟ್ಟಿ ತುಂಬಿದೆ, ಕೆರೆದು ತೆಗೆಯಬೇಕು. ಮುಂದಿನ ಬಲ ಬಾಗಿಲಿನ ಕೀಲು ಸವೆದಿದೆ, ಎತ್ತಿ ಹಾಕಿದರೆ ಮಾತ್ರ ಕೂಡುತ್ತದೆ. ಡಿಕ್ಕಿಯ ಬೀಗಕ್ಕೆ ಕೈ ಇಲ್ಲ. ಮುಂದಿನ ಗಾಜಿಗೆ ಬಲಮೂಲೆಯಲ್ಲಿ ನಾಲ್ಕು ಬೆರಳು ಸೀಳು. ಹೀಗೆ. ‘ಅಣ್ಣಾ, ಇಷ್ಟೆಲ್ಲ ಓದಿದ ಮ್ಯಾಲ ಯಾರ್ ತೊಗೋತಾರ?’ ಎಂದೆ. ‘ಇದನ್ನ ಓದಿ ತೊಗೊಳ್ಳಾವನೇ ಬೇಕು’ ಎಂದ.

ಕೆಲಸ ಎಲ್ಲಿಗೆ ನಿಂತಿದೆ ಎಂಬುದು ಒಬ್ಬನ ತಲೆಯೊಳಗೆ ಮಾತ್ರ ಇರುವಷ್ಟು ದಿನ ಆ ಗಾಡಿ ಗುಜರಿಯೇ. ಬಿಚ್ಚಿಟ್ಟ ಸಾಮಾನೆಲ್ಲ ನಲವತ್ತೊಂದು ಡಬ್ಬಿಗಳಲ್ಲಿತ್ತು. ಬಿಸ್ಕಿಟ್ ಡಬ್ಬಿ, ಡಾಲ್ಡಾ ಡಬ್ಬಿ, ಹಾಲಿನ ಪುಡಿಯ ಡಬ್ಬಿ. ಒಂದೊಂದಕ್ಕೂ ಅವನದೇ ಅಕ್ಷರದ ಚೀಟಿ. ಕಣ್ಣು ಹೋದ ಮೇಲೆ ಚೀಟಿ ಓದುವುದು ನಿಂತಿತ್ತು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿರುವುದು ಕಾರ್ಬ್ಯುರೇಟರಿನದೋ ಗೇರಿನದೋ ಹೇಳುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

ಜೇವರ್ಗಿಯ ಹುಡುಗ ಬಂದದ್ದು ಡಿಸೆಂಬರಿನಲ್ಲಿ. ಹುಡುಗನೆಂದರೂ ಮೂವತ್ತು ದಾಟಿರಬೇಕು. ಅಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಎರಡು ಬಸ್ಸು ಬದಲಿಸಿ ಬಂದವನ ಚೀಲದಲ್ಲಿದ್ದದ್ದು ಒಂದು ಬ್ಯಾಟರಿ, ಒಂದು ಸ್ಕ್ರೂಡ್ರೈವರು, ಒಂದು ಅಯಸ್ಕಾಂತ. ನನ್ನನ್ನು ಬೆಲೆ ಕೇಳಲಿಲ್ಲ. ಅಯಸ್ಕಾಂತವನ್ನು ಗಾಡಿಯ ಮೈಮೇಲೆ ಅಂಗುಲ ಅಂಗುಲಕ್ಕೂ ಹಚ್ಚುತ್ತ ಹೋದ. ಕಬ್ಬಿಣವಿದ್ದಲ್ಲಿ ಟಕ್ ಎಂದು ಕಚ್ಚುತ್ತದೆ, ಪುಟ್ಟಿ ಇದ್ದಲ್ಲಿ ಜಾರುತ್ತದೆ. ಕುರ್ಚಿಯ ಮೇಲೆ ಕೂತ ಅಣ್ಣ ತಲೆ ವಾರೆ ಮಾಡಿ ಆ ಸದ್ದನ್ನೇ ಕೇಳುತ್ತಿದ್ದ. ಟಕ್, ಟಕ್, ಟಕ್. ಹಿಂದಿನ ಎಡ ಮಡ್‌ಗಾರ್ಡಿನ ಹತ್ತಿರ ಸದ್ದು ನಿಂತಿತು.

‘ಅಲ್ಲಿ ಪುಟ್ಟಿ ಅದ. ಎರಡನೇ ಪುಟದಾಗ ಬರಸೀನಿ’ ಎಂದ ಅಣ್ಣ.

ಹುಡುಗ ಅಲ್ಲೇ ಕೂತು ಹದಿನಾಲ್ಕು ಪುಟವನ್ನೂ ಓದಿದ. ಓದಿ ಮುಗಿಸಿ, ‘ಸರ್, ಈ ನೋಟ್‌ಬುಕ್ಕು ಗಾಡಿ ಸಂಗಟ ಕೊಡ್ತೀರಲ್ರಿ?’ ಎಂದ. ಬೆಲೆ ಅದರ ನಂತರ. ತನ್ನಿಂದ 35,000ಕ್ಕಿಂತ ಹೆಚ್ಚು ಆಗದು, ಗಾಜು ಮತ್ತು ಬಾಗಿಲ ಕೆಲಸಕ್ಕೆ ಮುಂದೆ ಅಷ್ಟೇ ಬೇಕಾಗುತ್ತದೆ ಎಂದು ಬಿಡಿಸಿ ಹೇಳಿದ. ಅಣ್ಣ ‘ಆಯ್ತು’ ಎಂದುಬಿಟ್ಟ. ನನ್ನ ಕಡೆ ತಿರುಗಲೂ ಇಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಾಡಿ ಇದ್ದದ್ದು ಅಪ್ಪನ ಹೆಸರಿನಲ್ಲಿ. ತೀರಿಕೊಂಡವರ ಹೆಸರಿನ ಗಾಡಿಯನ್ನು ಮಾರುವ ಮುನ್ನ ವಾರಸುದಾರರ ಹೆಸರಿಗೆ ತರಬೇಕು. ಅದಕ್ಕೆ ನಮೂನೆ 31ರ ಅರ್ಜಿ, ಉಳಿದ ವಾರಸುದಾರರ ಒಪ್ಪಿಗೆ. ನಾವು ನಾಲ್ವರು. ಸೋಲಾಪುರದ ಅಕ್ಕ ಫೋನಿನಲ್ಲೇ ‘ನಂದೇನೂ ತಕರಾರಿಲ್ಲ’ ಎಂದಳು. ಅಫಜಲಪುರದ ತಂಗಿ ಹಾಗೆನ್ನಲಿಲ್ಲ. ಗಾಡಿಯ ಹಿಂದಿನ ಸೀಟು ಬೇರೆ ಅವಳ ಮನೆಯಲ್ಲಿತ್ತು. ಗಾಡಿ ನಿಂತ ಮೇಲೆ ಇಲಿ ಕಡಿದಾವೆಂದು ಅಪ್ಪನೇ ಕಳಿಸಿದ್ದು. ನಾಲ್ಕು ಕಾಲು ಬಡಿಸಿ ಅವಳು ಅದನ್ನು ಪಡಸಾಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಅವಳ ಮಕ್ಕಳಿಬ್ಬರ ನಿಶ್ಚಯದ ವೀಳ್ಯಶಾಸ್ತ್ರ ಆದದ್ದು ಆ ಸೀಟಿನ ಮೇಲೆಯೇ.

ಜೇವರ್ಗಿಯ ಹುಡುಗನನ್ನೂ ಕರೆದುಕೊಂಡು ನಾನು ಅಫಜಲಪುರಕ್ಕೆ ಹೋದೆ. ತಂಗಿಯ ಮನೆಯವರದು ಭೀಮೆಯ ದಂಡೆಯ ಹೊಲ. 2020ರ ಅಕ್ಟೋಬರಿನ ಮಹಾಪೂರದಲ್ಲಿ ನಿಂತ ಬೆಳೆ ಹೋಗಿ, ಅದರ ಸಾಲ ಇನ್ನೂ ತೀರಿರಲಿಲ್ಲ. ಅವಳು ಚಹಾ ಕೊಟ್ಟು, ಎದುರಿಗೆ ಕೂತು, ಲೆಕ್ಕ ಹೇಳಿದಳು. ‘ಅರವತ್ತು ಸಾವಿರಕ್ಕ ನಾಲ್ಕು ಪಾಲು ಅಂದ್ರ ಹದಿನೈದು ಸಾವಿರ. ಮೂವತ್ತೈದಕ್ಕ ಎಂಟು ಸಾವಿರದ ಏಳ್ನೂರ ಐವತ್ತು. ಆರು ಸಾವಿರದ ಎರಡ್ನೂರ ಐವತ್ತು ನಂಗ ಕಡಿಮಿ. ಯಾಕ?’

ಬ್ಯಾಂಕಿನಲ್ಲಿ ಕೂತವನಿಗೆ ಆ ಲೆಕ್ಕದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಕತ್ತರಿಸಿ ಗೋಡೆಗೆ ಹಚ್ಚುತ್ತಾರೆ ಎಂದೆ. ‘ಹಚ್ಚಲಿ. ಮಂದಿ ನೋಡ್ತಾರ. ಕೊಟ್ಟಿಗ್ಯಾಗ ಯಾರ್ ನೋಡ್ತಿದ್ರು?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮುಂದುವರಿಸಿದಳು. ‘ಅಪ್ಪ ನಿಮ್ಮಿಬ್ಬರಿಗೂ ಆ ಗಾಡಿ ಮ್ಯಾಲ ಡ್ರೈವಿಂಗ್ ಕಲಿಸಿದ. ನಂಗ ಬಾಗಲಾ ಹಿಡಿಯಾಕೂ ಕೊಡಲಿಲ್ಲ. ಹೆಣ್ಮಗಳು ಹಿಂದ ಕೂಡ್ಬೇಕು ಅಂದ. ಹಿಂದಿನ ಸೀಟೇ ನನ್ನ ಪಾಲಿಗಿ ಬಂತು. ಈಗ ಅದನ್ನೂ ಕೇಳ್ಲಾಕ ಬಂದೀರಿ.’

ಜೇವರ್ಗಿಯವನು ಆ ತನಕ ಬಾಯಿ ಬಿಟ್ಟಿರಲಿಲ್ಲ. ‘ಅಕ್ಕಾರ, ಸೀಟು ಬ್ಯಾಡ್ರಿ. ಅಳತಿ ತೊಗೋಬಹುದೇನ್ರಿ?’ ಎಂದ. ಅವಳು ಹೂಂ ಎಂದ ಮೇಲೆ ನೆಲಕ್ಕೆ ಕೂತು, ಟೇಪು ಹಿಡಿದು, ಉದ್ದ, ಅಗಲ, ಬೆನ್ನಿನ ಓರೆ, ಒಳಗಿನ ಸ್ಪ್ರಿಂಗಿನ ಸಾಲು ಎಷ್ಟೆಂಬುದನ್ನೆಲ್ಲ ಬರೆದುಕೊಂಡ. ಮುಕ್ಕಾಲು ತಾಸಾಯಿತು. ಅವಳು ನೋಡುತ್ತಲೇ ಇದ್ದಳು. ಬಟ್ಟೆಯ ಒಂದು ಮೂಲೆ ಎತ್ತಿ ಕೆಳಗಿದ್ದ ಮೂಲ ರೆಕ್ಸಿನ್ ತೋರಿಸಿ, ಬಣ್ಣ ಇದು ಎಂದು ಅವಳೇ ಹೇಳಿದಳು. ಗಾಡಿ ಓಡಲು ಎಷ್ಟು ದಿನ ಬೇಕು ಎಂದು ಕೇಳಿದಳು. ‘ಸುಳ್ಳ್ ಹೇಳಂಗಿಲ್ರಿ. ಮೂರು ವರ್ಷ ಆಗಬಹುದು, ನಾಕೂ ಆಗಬಹುದು. ಟ್ರ್ಯಾಕ್ಟರ್ ಕೆಲಸ ಮುಗದ್ ಮ್ಯಾಲ ರಾತ್ರಿ ಮಾಡ್ಬೇಕು’ ಎಂದ ಅವನು.

ಅವಳು ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದಳು. ಸಹಿ ಹಾಕುವ ಮುನ್ನ ಒಂದು ಷರತ್ತು ಬರೆಸಿದಳು, ಅದೂ ನನ್ನ ಕೈಯಿಂದಲೇ. ಹಿಂದಿನ ಸೀಟು ಅಫಜಲಪುರದಲ್ಲೇ ಇರತಕ್ಕದ್ದು. ಗಾಡಿ ತನ್ನ ಕಾಲ ಮೇಲೆ ನಡೆದು ಅವಳ ಮನೆ ಬಾಗಿಲಿಗೆ ಬಂದ ದಿನ, ಸೀಟನ್ನು ಅಲ್ಲೇ ಕೂಡಿಸಿಕೊಂಡು ಹೋಗತಕ್ಕದ್ದು. ಆ ದಿನ ಅವಳು ಕೂರುವುದು ಮುಂದೆ. ಇದರ ಜೊತೆಗೆ ಅವಳಿಗೆ ಕಡಿಮೆ ಬೀಳುವ 6,250 ರೂಪಾಯಿಯನ್ನು ಅಣ್ಣಂದಿರಿಬ್ಬರೂ ತಮ್ಮ ಪಾಲಿನಿಂದ ತುಂಬಿಕೊಡತಕ್ಕದ್ದು. ಹುಡುಗ ನಕ್ಕು ಸಾಕ್ಷಿ ಹಾಕಿದ. ನನ್ನ ಪಾಲಿನಲ್ಲಿ 3,125 ಹೋಯಿತು. ಅಪ್ಪನ ಅಡತ್ ವಿದ್ಯೆ ನಾಲ್ವರಲ್ಲಿ ಯಾರಿಗೆ ಬಂತೆಂಬುದು ನನಗೆ ಅಂದೇ ಗೊತ್ತಾದದ್ದು.

ಕಾನೂನಿನ ದಾರಿಯೂ ಹೀಗೇ ನಿಧಾನದ್ದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಗಾಡಿ ‘ವಿಂಟೇಜ್’. ಆದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಕೂಡದು. ಹಳೆಯ ನೋಂದಣಿ ಇದ್ದವರು ಅದೇ ಸಂಖ್ಯೆ ಉಳಿಸಿಕೊಳ್ಳಬಹುದು, ಹೊಸದಾಗಿ ಮಾಡಿಸುವವರಿಗೆ ‘ವಿಎ’ ಅಕ್ಷರಗಳಿರುವ ಸಂಖ್ಯೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. 35,000ದ ಗಾಡಿಗೆ! ಅಷ್ಟಾದರೂ ನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥವಕ್ಕೆ ಮಾತ್ರ. ಜೇವರ್ಗಿಯಿಂದ ಅಫಜಲಪುರದ ತಂಗಿಯ ಮನೆಗೆ ಹೋಗುವುದು ಇದರಲ್ಲಿ ಯಾವುದರಡಿ ಬರುತ್ತದೆ ಎಂದು ಹುಡುಗನನ್ನು ಕೇಳಿದೆ. ‘ಸೀಟು ಕೂಡ್ಸೂದು ರಿಪೇರಿ ಅಲ್ಲೇನ್ರಿ?’ ಎಂದ.

ಗಾಡಿ ಹೋದದ್ದು 2024ರ ಸಂಕ್ರಾಂತಿಯ ಹಿಂದಿನ ವಾರ, ಐಷರ್ ಲಾರಿಯ ಮೇಲೆ. ಹಗ್ಗ ಎಲ್ಲೆಲ್ಲಿ ಕಟ್ಟಬೇಕೆಂದು ಅಣ್ಣ ಕೈಯಿಂದ ತಡವಿ ತೋರಿಸಿದ. ತಳಕ್ಕೆ ಕಟ್ಟಬೇಡಿ, ಆ್ಯಕ್ಸಲಿಗೆ ಕಟ್ಟಿರಿ ಎಂದು ಮೂರು ಸಲ ಹೇಳಿದ. ಡಬ್ಬಿಗಳನ್ನು ಎಣಿಸಿ ಕೊಟ್ಟ. ಕಟ್ಟಿಸಂಗಾವಿಯ ಹತ್ತಿರ ಭೀಮೆಯ ಸೇತುವೆ ದಾಟಿದಾಗ ಹುಡುಗ ಫೋನು ಮಾಡಿ ತಿಳಿಸಿದ. ಕೊಟ್ಟಿಗೆಯಲ್ಲಿ ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ವೈನಿ ಅದರ ಮೇಲೆ ಒಂದು ಬುಟ್ಟಿ ಮಣ್ಣು ಸುರಿಸಿ, ಒಣಗಿದ ಮೆಣಸಿನಕಾಯಿ ಹರವಲು ಜಾಗವಾಯಿತು ಎಂದು ಖುಷಿಪಟ್ಟಳು.

ಇದನ್ನು ಬರೆಯುವ ಹೊತ್ತಿಗೆ ಜೇವರ್ಗಿಯಲ್ಲಿ ಮಡ್‌ಗಾರ್ಡಿನ ಪುಟ್ಟಿ ಕೆರೆದಾಗಿದೆ, ಹೊಸ ತಗಡು ಕೂತಿದೆ. ಗಾಜು ಇನ್ನೂ ಸಿಕ್ಕಿಲ್ಲ. ನೋಟ್‌ಬುಕ್ಕಿನಲ್ಲಿ ಕೆಲವು ಸಾಲುಗಳಿಗೆ ಟಿಕ್ಕು ಬಿದ್ದಿದೆಯಂತೆ. ಹೋದ ಮಳೆಗಾಲದಲ್ಲಿ ಗ್ಯಾರೇಜಿನ ಪತ್ರಾಸು ಸೋರಿ ಏಳೆಂಟು ಡಬ್ಬಿಗಳ ಚೀಟಿ ಕಿತ್ತುಹೋದವು. ಹುಡುಗ ರಾತ್ರಿ ಒಂಬತ್ತಕ್ಕೆ ಫೋನು ಮಾಡಿದ. ಅಣ್ಣ ಉಣ್ಣುತ್ತಿದ್ದವನು ಎಡಗೈಯಿಂದ ಫೋನು ತೆಗೆದುಕೊಂಡು, ‘ಒಂದೊಂದೇ ಅಲ್ಲಾಡ್ಸು’ ಎಂದ. ಆ ಕಡೆಯಿಂದ ಝಲ್ ಝಲ್ ಎನ್ನುವುದು ನನಗೂ ಕೇಳಿಸಿತು. ‘ಇದು ಹಿಂದಿನ ಪಾಟಾದ ಬೋಲ್ಟು. ಚೀಟಿ ಹಚ್ಚು. ಮುಂದಿಂದು ಅಲ್ಲಾಡ್ಸು.’